ಖಾಲಾಗೆ ತಲುಪದ ಮೊಟ್ಟೆ

ನೀರು ಬಿದ್ದ ತೌಡಿಗೆ ಒಂದು ವಾಸನೆ ಇದೆ. ಹಳೆಯ ಗೋಣಿಚೀಲ, ನಿನ್ನೆಯ ಅನ್ನ, ಬಿಸಿಲಿಗೆ ಕಾದ ಮಣ್ಣು, ಈ ಮೂರೂ ಸೇರಿದ ಹಾಗಿರುತ್ತದೆ. ಹೋದ ತಿಂಗಳು ನಾವು ಒಂದು ವಾರದ ಮಟ್ಟಿಗೆ ಊರು ಬಿಡುವವರಿದ್ದೆವು. ಹೊರಡುವ ಹಿಂದಿನ ಬೆಳಿಗ್ಗೆ ಲಿಂಗರಾಜಪುರದ ನಮ್ಮ ಮನೆಯ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕೂತು ನನ್ನ ನಾಲ್ಕು ಕೋಳಿಗಳಿಗೆ ತೌಡು ಕಲಸುತ್ತಿದ್ದೆ. ಒಳಗೆ ಸೂಟ್‌ಕೇಸು ಬಾಯಿ ತೆರೆದುಕೊಂಡು ಬಿದ್ದಿತ್ತು. "ಕೋಳಿಗೆ ಏನ್ ವ್ಯವಸ್ಥೆ ಮಾಡ್ದೆ?" ಎಂದು ನನ್ನ ಗಂಡ ಮೂರನೆಯ ಸಲ ಕೇಳಿ ಆಗಿತ್ತು. ಏನೂ ಮಾಡಿರಲಿಲ್ಲ. ನಾಯಿಗೆ ಹಾಸ್ಟೆಲ್ ಇದೆ, ಬೆಕ್ಕಿಗೂ ಇದೆಯಂತೆ; ಕೋಳಿ ಎಂದ ಕೂಡಲೇ ಫೋನಿನ ಆ ಕಡೆಯ ಹುಡುಗಿ ಕಿಸಕ್ಕನೆ ನಕ್ಕುಬಿಟ್ಟಿದ್ದಳು. ಹಿಂದಿನ ಕೋಣೆಯಲ್ಲಿ ಬಾಡಿಗೆಗಿರುವ ಶರಣಮ್ಮ ಹತ್ತು ಹೆಜ್ಜೆ ದೂರದಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಕಲಬುರಗಿ ಕಡೆಯವಳು, ಕೋಳಿಗಳ ನಡುವೆಯೇ ಬೆಳೆದವಳು. ಹೋಗಿ ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಆ ಒಂದು ಮಾತಿಗಾಗಿ ಹತ್ತು ದಿನದಿಂದ ಒಳಗೂ ಹೊರಗೂ ಸುತ್ತುತ್ತಿದ್ದೆ. ತೌಡಿನ ವಾಸನೆ ಮೂಗಿಗೆ ಅಡರಿದಾಗ ಕೈ ಹಾಗೇ ನಿಂತುಹೋಯಿತು. ಐವತ್ತು ದಾಟಿದ ನಾನು ಅಲ್ಲಿಂದ ಸೀದಾ ಮರ್ಫಿ ಟೌನಿಗೆ, ಒಂಬತ್ತು ವರ್ಷದ ಹುಡುಗಿಯಾಗಿ ಹೋಗಿ ನಿಂತೆ.

ಮರ್ಫಿ ಟೌನಿನ ನಮ್ಮ ಮನೆ ಎಂದರೆ ಸಾಲಾಗಿ ಕಟ್ಟಿದ ಚಿಕ್ಕ ಮನೆಗಳಲ್ಲಿ ಕೊನೆಯಿಂದ ಎರಡನೆಯದು. ಮುಂದೆ ನಿಂತರೆ ಹಿಂದಿನ ಬಾಗಿಲು ಕಾಣುವಷ್ಟು ಉದ್ದದ ಮನೆ. ಆದರೆ ಹಿತ್ತಲು ಮಾತ್ರ ಮನೆಗಿಂತ ದೊಡ್ಡದು. ಒಂದು ಸೀಬೆ ಮರ, ಒಂದು ನುಗ್ಗೆ, ನೀರೊಲೆ, ಅದರ ಪಕ್ಕ ಬೂದಿಯ ಗುಡ್ಡೆ, ಗೋಡೆಗೆ ಒರಗಿಸಿದ ಕೋಳಿಗೂಡು. ಬೆಳಿಗ್ಗೆ ಮಸೀದಿಯ ಕೂಗು, ಆಮೇಲೆ ಚರ್ಚಿನ ಗಂಟೆ, ಆಮೇಲೆ ಎದುರುಮನೆಯ ರೇಡಿಯೋದ ತಮಿಳು ಹಾಡು. ಇವೆಲ್ಲಕ್ಕೂ ಮೊದಲು ನಮ್ಮ ಹುಂಜ. ಅಪ್ಪ ಮಿಲಿಟರಿ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಎದೆಯುಬ್ಬಿಸಿ ನಡೆಯುವ ಆ ಹುಂಜಕ್ಕೆ ಕರ್ನಲ್ ಎಂದು ಹೆಸರಿಟ್ಟಿದ್ದು ಅವರೇ. ಕರ್ನಲ್‌ನ ಜೊತೆ ಕೆಂಪಿ, ಚುಕ್ಕಿ, ಗುಂಡಿ ಎಂಬ ಮೂರು ಹೇಂಟೆಗಳು. ನಾಲ್ಕೂ ನನ್ನ ಅಜ್ಜಿಯ ಸೊತ್ತು. ಹೊಸಕೋಟೆ ಕಡೆಯಿಂದ ಮದುವೆಯಾಗಿ ಬಂದಾಗ ಮಂಕರಿಯಲ್ಲಿ ತಂದ ಕೋಳಿಯ ವಂಶದವು ಇವು ಎಂದು ಹೇಳಿಕೊಳ್ಳುತ್ತಿದ್ದಳು. ಲೆಕ್ಕ ಹಾಕಿದರೆ ಅದು ಎಷ್ಟನೆಯ ತಲೆಮಾರೋ, ದೇವರೇ ಬಲ್ಲ. ನನ್ನ ಹೆಸರು ಶಾಂತಾ. ಇಟ್ಟವರ ದುರದೃಷ್ಟ. ಒಂದು ಕಡೆ ಕೂತವಳಲ್ಲ ನಾನು. "ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದೆ ಇದು" ಎಂದು ಅಜ್ಜಿ ದಿನಕ್ಕೆ ಹತ್ತು ಸಲ ಅನ್ನುತ್ತಿದ್ದಳು. ಕೋಳಿಗಳನ್ನು ಮಾತ್ರ ಬೈಯುತ್ತಿರಲಿಲ್ಲ, ಅವೂ ನನ್ನ ಹಾಗೇ ಇಡೀ ದಿನ ಕೆದಕುತ್ತಿದ್ದರೂ.

ನಮ್ಮ ಹಿತ್ತಲಿಗೂ ಕೊನೆಯ ಮನೆಯ ಹಿತ್ತಲಿಗೂ ನಡುವೆ ಮೊಣಕಾಲೆತ್ತರದ ಗೋಡೆಯಿತ್ತು. ಅದರ ಒಂದು ಕಡೆ ಒಡೆದು, ಮೂರು ಕಲ್ಲಿನ ಮೆಟ್ಟಿಲು ಇಟ್ಟಿದ್ದರು. ಆ ತಗ್ಗಿಗೆ ಇಳಿದರೆ ಜೈಬುನ್ ಖಾಲಾ ಅವರ ಮನೆ; ಖಾಲಾ ಎಂದರೆ ಅವರ ಮಾತಿನಲ್ಲಿ ಚಿಕ್ಕಮ್ಮ. ಅವರ ಗಂಡ ಶಿವಾಜಿನಗರದ ಒಂದು ಅಂಗಡಿಯಲ್ಲಿ ಹಾಸಿಗೆ, ದಿಂಬು ಹೊಲಿಯುತ್ತಿದ್ದರು. ಹಾಗಾಗಿ ಅವರ ಮನೆಯಲ್ಲಿ ಎಲ್ಲ ಕಾಲದಲ್ಲೂ ಹತ್ತಿಯ ಎಳೆಗಳು ಗಾಳಿಯಲ್ಲಿ ತೇಲುತ್ತಿದ್ದವು. ಅವರ ಮಗಳು ಶಬಾನಾ ನನ್ನ ವಾರಗೆಯವಳು. ಖಾಲಾ ಮನೆಯಲ್ಲಿ ದಖನಿ, ನಮ್ಮೊಂದಿಗೆ ಕನ್ನಡ, ಸೊಪ್ಪಿನವಳೊಂದಿಗೆ ತಮಿಳು ಮಾತಾಡುತ್ತಿದ್ದರು. ಮೂರರಲ್ಲೂ ನಗು ಒಂದೇ. ಅಜ್ಜಿ ಅವರನ್ನು "ಬಾರೇ ಜೈಬುನ್" ಎಂದು ಮಗಳನ್ನು ಕರೆದ ಹಾಗೆ ಕರೆಯುತ್ತಿದ್ದಳು. ನಮ್ಮ ಮನೆಯ ಕೋಳಿಸಾರು ಆ ಮೆಟ್ಟಿಲು ಇಳಿಯುತ್ತಿರಲಿಲ್ಲ, ಯಾಕೆಂದರೆ ನಾವು ಕುಯ್ಯುವ ರೀತಿ ಅವರಿಗೆ ಆಗುತ್ತಿರಲಿಲ್ಲ. ಅಜ್ಜಿಗೆ ಅದರ ಬಗ್ಗೆ ಯಾವ ಬೇಸರವೂ ಇರಲಿಲ್ಲ. ಮೊಟ್ಟೆಗೆ ಆ ತಕರಾರು ಇಲ್ಲವಲ್ಲ. ವಾರಕ್ಕೆರಡು ಮೊಟ್ಟೆ ಅತ್ತ ಇಳಿಯುತ್ತಿದ್ದವು; ಹಬ್ಬದ ದಿನ ಶೀರ್ ಖುರ್ಮಾ ಪಾಯಸ ಇತ್ತ ಹತ್ತುತ್ತಿತ್ತು.

ಆ ಬೇಸಿಗೆ ಚಿಕ್ಕಪ್ಪನ ಕಾಗದ ಬಂತು. ಕಾರವಾರದ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದ. ರಜಕ್ಕೆ ಎಲ್ಲರೂ ಬನ್ನಿ, ಅಮ್ಮನಿಗೆ ಸಮುದ್ರ ತೋರಿಸುತ್ತೇನೆ ಎಂದು ಬರೆದಿದ್ದ. ಮೂರು ವಾರ! ನಾನು ಆ ಕಾಗದ ಹಿಡಿದುಕೊಂಡು ಬೀದಿಯುದ್ದಕ್ಕೂ ಓಡಿ ಬಂದೆ. ಅಜ್ಜಿ ಮಾತ್ರ ಒಲೆಯ ಮುಂದಿನಿಂದ ಏಳದೆ, "ನಾನ್ ಬರಲ್ಲ, ಕೋಳಿ ಯಾರು ನೋಡ್ಕೊಳ್ತಾರೆ?" ಎಂದಳು. ಅಪ್ಪ ಹೇಳಿದರು, ಅಮ್ಮ ಹೇಳಿದಳು, ನಾನು ಅತ್ತೆ. ಅಜ್ಜಿ ಬರದಿದ್ದರೆ ಯಾರೂ ಹೋಗುವ ಹಾಗಿರಲಿಲ್ಲ. ಕೊನೆಗೆ ಗೋಡೆಯ ಆ ಕಡೆಯಿಂದ ಬಟ್ಟೆ ಹಿಂಡುತ್ತಾ ಖಾಲಾ ಹೇಳಿದರು: "ಅಮ್ಮಾ, ಫಿಕರ್ ಮಾಡ್ಬೇಡಿ. ನಾನಿಲ್ವಾ? ನಿಮ್ ಕರ್ನಲ್ ಸಾಬ್‌ಗೆ ಸಲಾಮ್ ಹೊಡೀತಾ ನೋಡ್ಕೊಳ್ತೀನಿ." ಅಜ್ಜಿ ನಕ್ಕಳು. ಆ ನಗುವಿನಿಂದಲೇ ನಮ್ಮ ಪ್ರಯಾಣ ನಿಕ್ಕಿಯಾಯಿತು. ತೌಡು ಎಷ್ಟು, ನುಚ್ಚು ಎಷ್ಟು, ಬೆಕ್ಕು ಬರುವ ಹೊತ್ತು ಯಾವುದು, ಗೂಡಿಗೆ ಕಲ್ಲು ಹೇಗೆ ಒರಗಿಸಬೇಕು, ಎಲ್ಲವನ್ನೂ ಅಜ್ಜಿ ಎರಡು ದಿನ ಗೋಡೆಯ ಮೇಲೆ ಕೂತು ಹೇಳಿದಳು. ಒಂದನ್ನು ಮಾತ್ರ ಹೇಳಲಿಲ್ಲ. ಅದನ್ನು ಹೇಳುವ ಕ್ರಮ ಬೇರೆ ಇತ್ತು.

ಅಜ್ಜಿಯ ತವರಿನಲ್ಲಿ, ಕೋಳಿಗಳನ್ನು ಇನ್ನೊಬ್ಬರ ಕೈಗೆ ಒಪ್ಪಿಸಿ ಹೋಗುವಾಗ, ಹೊರಡುವ ಗಳಿಗೆಯಲ್ಲಿ, ಮನೆಯ ಎಲ್ಲರಿಗಿಂತ ಚಿಕ್ಕ ಕೈಯಲ್ಲಿ ಅರಿಶಿನ ಸವರಿದ ಒಂದು ಮೊಟ್ಟೆ ಕೊಟ್ಟು ಕಳಿಸುತ್ತಿದ್ದರಂತೆ. ಆ ಕೈ ಮೊಟ್ಟೆ ಕೊಟ್ಟು, "ಕಾಯ್ದವರಿಗೆ ಮೊಟ್ಟೆ, ಸಾಕಿದವರಿಗೆ ಕೋಳಿ" ಎಂದು ಹೇಳಬೇಕು. ಅಂದರೆ ನಾವು ಬರುವವರೆಗೆ ಇಟ್ಟ ಮೊಟ್ಟೆಗಳೆಲ್ಲ ನಿಮ್ಮವು, ಕೋಳಿ ಮಾತ್ರ ನಮ್ಮದು. ಹೀಗೆ ಬಾಯಿಬಿಟ್ಟು ಹೇಳದಿದ್ದರೆ ಕಾಯ್ದವರು ಮುಟ್ಟುವುದಿಲ್ಲ, ಮುಟ್ಟಲೂಬಾರದು. ಖಾಲಾಗೆ ಈ ಪದ್ಧತಿ ಗೊತ್ತಿರುವುದಕ್ಕೆ ಕಾರಣವೇ ಇರಲಿಲ್ಲ. ಅಜ್ಜಿ ತನ್ನ ಕೋಳಿಗಳನ್ನು ಇನ್ನೊಬ್ಬರಿಗೆ ಬಿಟ್ಟು ಹೋಗುತ್ತಿದ್ದುದು ಅದೇ ಮೊದಲು.

ನಮ್ಮ ಮನೆಯ ಚಿಕ್ಕ ಕೈ ನನ್ನದು. ಹೊರಡುವ ದಿನ ಬೆಳಿಗ್ಗೆ ಆಟೋ ಬಂದು ಬಾಗಿಲಲ್ಲಿ ಪೊಂಯ್ ಪೊಂಯ್ ಅನ್ನುತ್ತಿತ್ತು. ಅಜ್ಜಿ ಮೊಟ್ಟೆಯನ್ನು ಎರಡೂ ಕೈಯಿಂದ ನನ್ನ ಅಂಗೈಗೆ ಇಟ್ಟು, ಮಾತನ್ನು ಎರಡು ಸಲ ಹೇಳಿಸಿ, "ಮೆಲ್ಲಗೆ ಹೋಗು, ಓಡ್ಬೇಡ" ಎಂದಳು. ನಾನು ಓಡಿದೆ. ಎರಡನೆಯ ಮೆಟ್ಟಿಲಲ್ಲಿ ಲಂಗ ಕಾಲಿಗೆ ಸಿಕ್ಕಿತು. ನಾನು ಬೀಳಲಿಲ್ಲ, ಮೊಟ್ಟೆ ಬಿತ್ತು. ಹಳದಿ ಲೋಳೆ ಕಲ್ಲಿನ ಮೇಲೆ ಮೆಲ್ಲಗೆ ಹರಿಯುವುದನ್ನು ನೋಡುತ್ತಾ ನಿಂತೆ. ಖಾಲಾ ಒಳಗೆ ಏನೋ ಹುರಿಯುತ್ತಿದ್ದರು, ಈರುಳ್ಳಿಯ ವಾಸನೆ ಬರುತ್ತಿತ್ತು. ಮೊಟ್ಟೆ ಇಲ್ಲದೆ ಬರೀ ಮಾತು ಹೇಳಬಹುದಿತ್ತು. ಆದರೆ ಮೊಟ್ಟೆ ಇಲ್ಲದ ಮಾತು ನಡೆಯುವುದಿಲ್ಲ ಎಂದೇ ನಾನು ತಿಳಿದಿದ್ದೆ. ವಾಪಸು ಹೋಗಿ ಇನ್ನೊಂದು ಕೇಳಿದರೆ ಅಜ್ಜಿಯ ಕೈ ಸುಮ್ಮನಿರುತ್ತಿರಲಿಲ್ಲ. ಹೊರಡುವ ಹೊತ್ತಿಗೆ ಮೊಟ್ಟೆ ಒಡೆಯಿತು, ಅಪಶಕುನ ಎಂದು ಪ್ರಯಾಣವನ್ನೇ ನಿಲ್ಲಿಸಿದರೂ ನಿಲ್ಲಿಸಿದಳೇ. ನೀರೊಲೆಯಿಂದ ಒಂದು ಬೊಗಸೆ ಬೂದಿ ತಂದು ಮೆಟ್ಟಿಲ ಮೇಲೆ ಸುರಿದೆ. ಮುಂದಿನ ಬಾಗಿಲಿಗೆ ಓಡಿ ಬಂದೆ.

"ಕೊಟ್ಯಾ?" ಅಜ್ಜಿ ಆಟೋದೊಳಗಿನಿಂದ ಕೇಳಿದಳು.

"ಕೊಟ್ಟೆ."

"ಮಾತು ಹೇಳ್ದ್ಯಾ?"

"ಹೇಳ್ದೆ."

ಕಾರವಾರದ ಸಮುದ್ರದ ಬಗ್ಗೆ ನಾನು ಬರೆಯಬೇಕಿತ್ತು. ನನಗೆ ನೆನಪಿರುವುದು ಸಮುದ್ರವಲ್ಲ, ಸಂಜೆಗಳು. ಅಜ್ಜಿ ಮೊದಲ ದಿನ ದಡದಲ್ಲಿ ನಿಂತು, "ಇಷ್ಟೊಂದು ನೀರಿಟ್ಕೊಂಡು ಏನ್ ಬಂತು, ಒಂದ್ ಲೋಟ ಕುಡಿಯಕ್ಕಾಗಲ್ಲ" ಎಂದು ಎಲ್ಲರನ್ನೂ ನಗಿಸಿದ್ದಳು. ಆಮೇಲೆ ದಿನಾ ಸಂಜೆ ತಾನೇ ಮುಂದಾಗಿ ಹೊರಡುತ್ತಿದ್ದಳು. ಸೀರೆ ಎತ್ತಿ ಕಟ್ಟಿ, ಅಲೆ ಕಾಲು ಮುಟ್ಟಿದಾಗ ಚಿಕ್ಕ ಹುಡುಗಿಯ ಹಾಗೆ ಹಿಂದೆ ಸರಿಯುತ್ತಿದ್ದಳು. ಅವಳನ್ನು ಅಷ್ಟು ಸಂತೋಷವಾಗಿ ನಾನು ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಸೂರ್ಯ ಕೆಳಗಿಳಿಯುವ ಹೊತ್ತಿಗೆ ಮರಳ ಮೇಲೆ ಕೂತು ದಿನಕ್ಕೊಮ್ಮೆ ಅದೇ ಮಾತು ಹೇಳುತ್ತಿದ್ದಳು: "ಈಗ ಜೈಬುನ್ ಗೂಡು ಮುಚ್ಚಿರ್ತಾಳೆ. ಮಕ್ಳು ಮೊಟ್ಟೆ ತಿಂದ್ಕೊಂಡಿರ್ತವೆ, ತಿನ್ಲಿ." ಆ ಮಾತು ಬಂದ ಕೂಡಲೇ ನಾನು ಎದ್ದು ಓಡುತ್ತಿದ್ದೆ. ಅಲೆಗಳ ಅಂಚಿನಲ್ಲಿ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ. ಹುಡುಗಿಗೆ ಸಮುದ್ರ ಹಿಡಿಸಿದೆ ಎಂದು ಚಿಕ್ಕಪ್ಪ ಹಿಗ್ಗಿದ. ಅವನ ಮೇಜಿನಿಂದ ಒಂದು ಪೋಸ್ಟ್‌ಕಾರ್ಡು ಕದ್ದು, "ಖಾಲಾ ಮೊಟ್ಟೆ ಎಲ್ಲಾ ನಿಮ್ಮದು" ಎಂದು ಬರೆದೆ. ಬರೆದ ಮೇಲೆ ನೆನಪಾಯಿತು, ಖಾಲಾಗೆ ಕನ್ನಡ ಓದಲು ಬರುವುದಿಲ್ಲ, ಶಬಾನಾ ಓದುವುದು ಉರ್ದು ಶಾಲೆಯಲ್ಲಿ. ಯಾರಾದರೂ ಓದಿ ಹೇಳುತ್ತಿದ್ದರು, ಅದು ನನಗೂ ಗೊತ್ತಿತ್ತು. ಆದರೆ ವಿಳಾಸ ಬರೆಯಲು ದೊಡ್ಡವರನ್ನು ಕೇಳಬೇಕಿತ್ತು. ಕಾರ್ಡನ್ನು ಮರಳಲ್ಲಿ ಹೂತೆ. ಮಾರನೆಯ ದಿನ ಹುಡುಕಿದರೆ ಸಿಗಲಿಲ್ಲ. ಒಂದು ತಪ್ಪನ್ನು ಮುಚ್ಚಿಟ್ಟ ಮಗುವಿನ ರಜೆ ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ನಿಮ್ಮ ಬಾಲ್ಯದಲ್ಲೂ ಅಂಥದೊಂದು ಬೇಸಿಗೆ ಇದ್ದೇ ಇರುತ್ತದೆ.

ನಾವು ವಾಪಸು ಬಂದ ದಿನ ಹಿತ್ತಲು ಗುಡಿಸಿ ನೀರು ಹಾಕಿತ್ತು. ಕೋಳಿಗಳು ಮೈ ತುಂಬಿಕೊಂಡು, ಪುಕ್ಕ ಹೊಳೆಯುತ್ತಾ ಓಡಾಡುತ್ತಿದ್ದವು. ಅಜ್ಜಿ ಕೆಂಪಿಯನ್ನು ಎತ್ತಿಕೊಂಡು ತೂಗಿ ನೋಡುತ್ತಿರುವಾಗಲೇ ಖಾಲಾ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲೊಂದು ಬುಟ್ಟಿ, ಮೇಲೆ ಒಗೆದು ಮಡಿಸಿದ ದುಪ್ಪಟ್ಟ. ಪರೀಕ್ಷೆ ಪಾಸಾದವರ ಮುಖ ಅವರದು. "ಅಮ್ಮಾ, ನಿಮ್ ಅಮಾನತ್ ತಗೊಳ್ಳಿ. ನಂಬಿ ಬಿಟ್ಟು ಹೋದ ವಸ್ತು ನೋಡಿ, ಒಂದೂ ಒಡೆದಿಲ್ಲ" ಎಂದು ದುಪ್ಪಟ್ಟ ಸರಿಸಿದರು. ತೌಡಿನ ಹಾಸಿನ ಮೇಲೆ ಬುಟ್ಟಿಯ ತುಂಬ ಮೊಟ್ಟೆ. ಮೂರು ವಾರದ ಬೇಸಿಗೆಯಲ್ಲಿ ಕೂತ ಮೊಟ್ಟೆ. ಅಜ್ಜಿ ಒಂದನ್ನು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದಳು. ಬಕೆಟ್ಟಿನ ನೀರಿಗೆ ಬಿಟ್ಟಳು. ತೇಲಿತು. ಇನ್ನೊಂದು ಬಿಟ್ಟಳು, ಅದೂ ತೇಲಿತು. ಬಕೆಟ್ಟಿನ ಬಾಯಿಯ ತುಂಬ ಬೆಳ್ಳಗೆ ಮೊಟ್ಟೆಗಳು ಒಂದಕ್ಕೊಂದು ತಗಲುತ್ತಾ ತೇಲಿದವು.

"ಯಾಕೆ ಜೈಬುನ್, ಇಷ್ಟನ್ನೂ ಇಟ್ಟಿದೀಯಾ? ಹೊರಡೋ ದಿನ ಇವಳ ಕೈಲಿ ಮೊಟ್ಟೆ ಕೊಟ್ಟು, ಎಲ್ಲ ನಿಂದೇ ಅಂತ ಹೇಳಿ ಕಳಿಸಿರ್ಲಿಲ್ವಾ?"

ಖಾಲಾ ನನ್ನನ್ನು ನೋಡಿದರು. ಸೀಬೆ ಮರಕ್ಕೆ ಬೆನ್ನು ಒತ್ತಿಕೊಂಡು ನಾನು ನಿಂತಿದ್ದೆ. ಆ ನೋಟ ಒಂದು ರೆಪ್ಪೆ ಬಡಿಯುವಷ್ಟು ಹೊತ್ತು ಇತ್ತು. ಅಷ್ಟರಲ್ಲಿ ಅವರಿಗೆ ಎಲ್ಲವೂ ತಿಳಿಯಿತು, ಅವರಿಗೆ ತಿಳಿಯಿತೆಂದು ನನಗೂ ತಿಳಿಯಿತು. ಅವರು ತಲೆ ಬಗ್ಗಿಸಿ ದುಪ್ಪಟ್ಟ ಮಡಿಸತೊಡಗಿದರು.

"ಹೇಳಿದ್ಲು ಅಮ್ಮಾ. ಬಚ್ಚಿ ಹೇಳಿದ್ಲು. ನಾನೇ ತಗೊಳ್ಳಿಲ್ಲ."

ಯಾಕೆ ಎಂದು ಅಜ್ಜಿ ಕೇಳಲಿಲ್ಲ. ಅಜ್ಜಿಯ ಮುಖ ಮೆಲ್ಲಗೆ ಬಿಗಿದುಕೊಂಡಿತು. ಕೊಟ್ಟ ಮೊಟ್ಟೆಯನ್ನು ತೆಗೆದುಕೊಂಡು, ಮಾತನ್ನೂ ಕೇಳಿಸಿಕೊಂಡು, ಒಂದನ್ನೂ ತಿನ್ನದೆ ಕೊಳೆಸಿ ವಾಪಸು ತಂದುಕೊಟ್ಟರೆ ಅವಳ ಊರಿನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಅವಮಾನ ಇರಲಿಲ್ಲ. ಸಾರು ಬೇಡವೆಂದರೆ ಸರಿ, ಧರ್ಮ. ಮೊಟ್ಟೆಯೂ ಬೇಡವೆಂದರೆ ಅದು ಮನುಷ್ಯರೇ ಬೇಡವೆಂದ ಹಾಗೆ. "ಆಯ್ತಮ್ಮ, ನಿಮ್ಮಿಂದ ದೊಡ್ಡ ಉಪಕಾರ ಆಯ್ತು" ಎಂದಳು. ಅಷ್ಟು ವರ್ಷದಲ್ಲಿ ಅಜ್ಜಿ ಖಾಲಾಗೆ ಬಹುವಚನ ಹಚ್ಚಿದ್ದು ಅವತ್ತೇ ಮೊದಲು. ನಾನು ಬಾಯಿ ತೆರೆಯಬೇಕಿದ್ದ ಗಳಿಗೆ ಅದು. ತೆರೆಯಲಿಲ್ಲ. ಅಜ್ಜಿ ಸೀಬೆ ಮರದ ಬುಡದಲ್ಲಿ ಗುಂಡಿ ತೋಡಿ ಆ ಮೊಟ್ಟೆಗಳನ್ನೆಲ್ಲ ಹೂತಳು. ಎರಡು ಒಡೆದು, ನಾತ ಮೂರು ದಿನ ಹಿತ್ತಲು ಬಿಡಲಿಲ್ಲ.

ಮಾರನೆಯ ದಿನ ಕುಂಟೆಬಿಲ್ಲೆ ಆಡುವಾಗ ಶಬಾನಾ ಸುಮ್ಮನೆ ಮಾತಿಗೆ ಹೇಳಿದಳು: "ನಂಗೆ ಜೋರು ಜ್ವರ ಬಂದಿತ್ತು ಗೊತ್ತಾ? ಬಾಯಿಗೆ ಏನೂ ಸೇರ್ತಿರ್ಲಿಲ್ಲ. ಒಂದು ಮೊಟ್ಟೆ ಬೇಯಿಸ್ಕೊಡು ಅಂತ ಅತ್ತೆ. ಅಮ್ಮಿ ಕೊಡ್ಲೇ ಇಲ್ಲ. ಅದು ಅಮಾನತ್, ಮುಟ್ಬಾರ್ದು ಅಂದ್ಬಿಟ್ರು." ಅವಳ ದನಿಯಲ್ಲಿ ದೂರಿರಲಿಲ್ಲ, ಹೆಮ್ಮೆಯಿತ್ತು. ಅವಳ ಸರದಿ ಮುಗಿದು ನನ್ನ ಸರದಿ ಬಂದಿತ್ತು. ನಾನು ಬಿಲ್ಲೆಯನ್ನು ಅವಳ ಕೈಗೆ ಕೊಟ್ಟು ಮನೆಗೆ ಓಡಿದೆ.

ಆಮೇಲೆ ಜಗಳವೇನೂ ಆಗಲಿಲ್ಲ. ಜಗಳವಾಗಿದ್ದರೆ ರಾಜಿಯಾದರೂ ಆಗುತ್ತಿತ್ತು. ಹಬ್ಬಕ್ಕೆ ಶೀರ್ ಖುರ್ಮಾ ಬಂತು, ಅಜ್ಜಿ ತೆಗೆದುಕೊಂಡು ಪಾತ್ರೆ ತೊಳೆದು ಸಕ್ಕರೆ ಹಾಕಿ ಕಳಿಸಿದಳು. ಆದರೆ ಮೊಟ್ಟೆ ಆ ಮೆಟ್ಟಿಲು ಇಳಿಯುವುದು ನಿಂತಿತು. ಗೋಡೆಯ ಮೇಲೆ ಕೂತು ಮಾತಾಡುವುದು ನಿಂತಿತು. ಮುಂದಿನ ವರ್ಷ ಚಿಕ್ಕಪ್ಪ ಮತ್ತೆ ಕರೆದಾಗ, "ನಂಬಿ ಬಿಟ್ಟು ಹೋಗೋಕೆ ಯಾರಿದಾರೆ" ಎಂದು ಅಜ್ಜಿ ಹೋಗಲೇ ಇಲ್ಲ. ಸಮುದ್ರವನ್ನು ಮತ್ತೆ ನೋಡಲೂ ಇಲ್ಲ. ಹೇಳಿಬಿಡಬೇಕು ಎಂದು ನಾನು ಎಷ್ಟು ಸಲ ಅವಳ ಸುತ್ತ ಸುಳಿದಿದ್ದೇನೋ. ಸೊಪ್ಪು ಬಿಡಿಸುವಾಗ, ಅವಳ ತಲೆಗೆ ಎಣ್ಣೆ ಹಚ್ಚುವಾಗ, ಕಾಲೇಜಿಗೆ ಹೋಗುವ ವಯಸ್ಸಿನಲ್ಲೂ. "ಏನೇ ಅದು, ಬಾಲ ಸುಟ್ಟ ಬೆಕ್ಕಿನ ಥರ ಸುತ್ತೋದು" ಎಂದು ಗದರುತ್ತಿದ್ದಳು. ಏನಿಲ್ಲ ಎಂದು ಎದ್ದು ಹೋಗುತ್ತಿದ್ದೆ. ತಡವಾದಷ್ಟೂ ಅದನ್ನು ಹೇಳುವುದಕ್ಕೆ ಧೈರ್ಯ ಹೆಚ್ಚು ಬೇಕಾಯಿತು, ನನ್ನ ಹತ್ತಿರ ಇದ್ದದ್ದು ಕಡಿಮೆಯಾಗುತ್ತಾ ಬಂತು. ಖಾಲಾ ಮನೆಯವರು ಕೆ.ಆರ್. ಪುರಂ ಕಡೆಗೆ ಮನೆ ಬದಲಾಯಿಸಿದ ದಿನ ಅಜ್ಜಿ ಹಿತ್ತಲಿಗೆ ಬರದೆ ಒಳಗೇ ಅಕ್ಕಿ ಆರಿಸುತ್ತಾ ಕೂತಿದ್ದಳು. ಅದರ ನಾಲ್ಕನೆಯ ವರ್ಷ ತೀರಿಕೊಂಡಳು. ಮನೆ ಮಾರಿದೆವು. ಈಗ ಅಲ್ಲಿ ನಾಲ್ಕು ಅಂತಸ್ತಿನ ಕಟ್ಟಡವಿದೆ. ಕೋಳಿಗೂಡಿದ್ದ ಜಾಗದಲ್ಲಿ ಸ್ಕೂಟರುಗಳು ನಿಲ್ಲುತ್ತವೆ. ಸೀಬೆ ಮರ ಇದ್ದದ್ದು ಎಲ್ಲಿ ಎಂದು ಹೆಜ್ಜೆ ಅಳೆದು ನೋಡಿದೆ, ಸರಿಯಾಗಿ ಸಿಗಲಿಲ್ಲ.

ಖಾಲಾ ಮತ್ತೆ ಸಿಕ್ಕಿದ್ದು ಒಂದೇ ಸಲ, ಶಿವಾಜಿನಗರದ ಮಾರ್ಕೆಟ್ಟಿನಲ್ಲಿ, ರಂಜಾನಿನ ಮುಂಚಿನ ನೂಕುನುಗ್ಗಲಿನಲ್ಲಿ. ನನಗೆ ಆಗ ಮದುವೆಯಾಗಿ ಮಗಳಿದ್ದಳು. ಅವರ ಬೆನ್ನು ಬಾಗಿತ್ತು, ಶಬಾನಾಳ ತೋಳು ಹಿಡಿದುಕೊಂಡಿದ್ದರು. ನನ್ನ ಕೆನ್ನೆ ಸವರಿ, ಮಗಳ ತಲೆ ಸವರಿ, ಕರ್ನಲ್ ಸಾಬ್‌ನನ್ನು ನೆನೆದು ನಕ್ಕರು. ಅಜ್ಜಿ ಹೋದ ಸುದ್ದಿ ಅವರಿಗೆ ಮುಟ್ಟಿತ್ತು. ಖರ್ಜೂರದ ಗಾಡಿಯ ಪಕ್ಕಕ್ಕೆ ನನ್ನನ್ನು ಮೆಲ್ಲಗೆ ಎಳೆದುಕೊಂಡು, ಶಬಾನಾಗೆ ಕೇಳಿಸದ ಹಾಗೆ ಕೇಳಿದರು: "ಮೆಟ್ಟಿಲ ಮೇಲೆ ಬೂದಿ, ಅದ್ರೊಳಗೆ ಸಿಪ್ಪೆ, ಅವತ್ತೇ ನೋಡಿದ್ದೆ ಬೇಟಾ. ಅದು ನನಗೆ ಬಂದ ಮೊಟ್ಟೆ ಅಂತ ಗೊತ್ತಾಗ್ಲಿಲ್ಲ. ನಿಮ್ ಅಜ್ಜಿ ಮನಸ್ಸಲ್ಲಿ ನಾನು ಹಂಗೇ ಉಳ್ಕೊಂಡ್ನಾ? ಕೊನೆಗಾದ್ರೂ ಹೇಳ್ದ್ಯಾ?"

ಅಷ್ಟು ವರ್ಷ ಆ ಹೆಂಗಸು ನನ್ನ ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತು ನಡೆದಿದ್ದರು. ನಾನು ಹೇಳಿಕೊಳ್ಳಲಿ ಎಂದು ಕಾದಿದ್ದರು.

"ಹೇಳ್ದೆ ಖಾಲಾ" ಎಂದೆ. "ಅಜ್ಜಿ ತುಂಬಾ ಅತ್ಲು. ನಿಮ್ಮನ್ನ ನೋಡ್ಬೇಕು ಅಂದ್ಲು."

ಖಾಲಾ ಕಣ್ಣು ಮುಚ್ಚಿ, "ಅಲ್‌ಹಮ್ದುಲಿಲ್ಲಾ" ಎಂದರು. ಎರಡೂ ಅಂಗೈಯಿಂದ ಮುಖ ಸವರಿಕೊಂಡರು. ಆ ಮುಖದ ಮೇಲೆ ಬಂದ ನೆಮ್ಮದಿಯನ್ನು ನಾನು ನೋಡಬಾರದಿತ್ತು. ಮುಂದಿನ ಚಳಿಗಾಲದಲ್ಲಿ ಅವರು ಹೋದರೆಂದು ಶಬಾನಾ ಫೋನು ಮಾಡಿದಳು. ಸತ್ಯ ಗೊತ್ತಿರಬೇಕಾದ ಅಜ್ಜಿ ಸುಳ್ಳನ್ನು ನಂಬಿಕೊಂಡು ಹೋದಳು. ಸತ್ಯ ಗೊತ್ತಿದ್ದ ಖಾಲಾ ಅವರನ್ನು ಇನ್ನೊಂದು ಸುಳ್ಳು ಹೇಳಿ ಕಳಿಸಿದೆ. ಎರಡನ್ನೂ ಹೇಳಿದ್ದು ನನ್ನ ಬಾಯಿಯೇ.

ಹೋದ ತಿಂಗಳು ನಾವು ಹೊರಡುವ ದಿನ ಬೆಳಿಗ್ಗೆ ಗೂಡಿನಿಂದ ಒಂದು ಮೊಟ್ಟೆ ತೆಗೆದೆ. ಇನ್ನೂ ಬೆಚ್ಚಗಿತ್ತು. ಅರಿಶಿನ ಸವರಿದೆ. ಮನೆಯಲ್ಲಿ ಈಗ ಚಿಕ್ಕ ಕೈ ಯಾವುದೂ ಇಲ್ಲ. ಮಗಳು ದೊಡ್ಡವಳಾಗಿ ಮೈಸೂರಿನಲ್ಲಿದ್ದಾಳೆ. ಗೇಟಿನ ಹೊರಗೆ ನನ್ನ ಗಂಡ ಕಾರು ಶುರು ಮಾಡಿಕೊಂಡು ಹಾರ್ನ್ ಒತ್ತುತ್ತಿದ್ದರು. ನಾನು ಓಡಲಿಲ್ಲ. ಸೀರೆಯ ನೆರಿಗೆ ಎತ್ತಿ ಹಿಡಿದು, ನೆಲ ನೋಡಿಕೊಂಡು, ಹತ್ತು ಹೆಜ್ಜೆಯನ್ನು ಹತ್ತು ನಿಮಿಷದ ದಾರಿಯ ಹಾಗೆ ನಡೆದೆ. ಶರಣಮ್ಮ ಹಿಟ್ಟಿನ ಕೈ ಒರೆಸಿಕೊಂಡು ಎದ್ದು ಬಂದಳು.

"ಯಾಕ್ರೀ ಅಕ್ಕಾ, ಒಂದ್ ಮೊಟ್ಟಿ ತರ್ಲಾಕ ಇಷ್ಟ್ ಹೊತ್ತೇನ್ರೀ?"

ಮೊಟ್ಟೆಯನ್ನು ಅವಳ ಅಂಗೈಗೆ ಇಟ್ಟು, ಬೆರಳುಗಳನ್ನು ಮಡಿಸಿ, ಅಜ್ಜಿಯ ಮಾತನ್ನು ಅಜ್ಜಿ ಹೇಳಿಸಿದ ಹಾಗೇ ಹೇಳಿದೆ. ಅವಳಿಗೆ ಅರ್ಥವಾಗಲಿಲ್ಲವೇನೋ ಎಂದು ಮತ್ತೊಮ್ಮೆ ಬಿಡಿಸಿ ಹೇಳಿದೆ. ನಾವು ಬರುವವರೆಗೆ ಕೋಳಿ ನೋಡಿಕೊಳ್ಳಿ, ಎಲ್ಲ ಮೊಟ್ಟೆ ನಿಮ್ಮವೇ, ಒಂದನ್ನೂ ಇಡಬೇಡಿ, ಯಾರಿಗಾದರೂ ಹುಷಾರಿಲ್ಲದಿದ್ದರೆ ಮೊದಲು ಅವರಿಗೆ ಬೇಯಿಸಿಕೊಡಿ ಎಂದೆ. "ಹೂಂ ತಗೋರಿ, ತಿಳೀತ್ರಿ" ಎಂದು ಅವಳು ನಕ್ಕಳು.

ಕಾರಿನ ಬಾಗಿಲು ಹಾಕಿಕೊಂಡೆ. ನನ್ನ ಗಂಡ ಗೇರು ಹಾಕುತ್ತಾ ಕೇಳಿದರು, "ಹೇಳಿದ್ಯಾ ಅವರಿಗೆ?"

"ಹೇಳಿದೆ" ಎಂದೆ. ಈ ಸಲ ಅದು ನಿಜವಾಗಿತ್ತು. ಅದನ್ನು ಕೇಳಿಸಿಕೊಳ್ಳಬೇಕಾಗಿದ್ದವರು ಇಬ್ಬರೂ ಇರಲಿಲ್ಲ. ಕಾರು ಲಿಂಗರಾಜಪುರದ ಫ್ಲೈಓವರ್ ಹತ್ತುವವರೆಗೂ ನನ್ನ ಬೆರಳುಗಳಲ್ಲಿ ಅರಿಶಿನದ ವಾಸನೆ ಇತ್ತು.